ಗಾಜಿನ ಬಟ್ಟಲದಾಗಿನ ಔಷಧ

ಹಟಮಾರಿ ಅಣ್ಣಾಗ,

ನಮಸ್ಕಾರ ಬರಿಯೂದಿಲ್ಲ, ಕ್ಷೇಮ ಕೇಳೂದಿಲ್ಲ. ನೀ ಸತ್ತು ವರ್ಷ ಆಗಾಕ ಬಂತು, ನನ್ನ ಸಿಟ್ಟು ಇನ್ನಾ ಇಳಿದಿಲ್ಲ. 'ದೇವರು ಕರದ, ಹೋದ' ಅಂತಾರ ಮಂದಿ. ದೇವರ ಮ್ಯಾಲ ಯಾಕ ಹಾಕಬೇಕು? ಕೈಯಾರೆ ಮಾಡಿಕೊಂಡವ ನೀನು.

ನಮ್ಮೂರು ಮಟಕಿಯಾಗ ಮನಿ ಕಟ್ಟಿ ಮ್ಯಾಲ ಕುಂತು ನೀನೇ ಕೇಳಿದಿ, "ಹೈದರಾಬಾದ್ ಲ್ಯಾಬಿನ್ಯಾಗ ಏನ್ ಮಾಡ್ತಿ, ತಿಳಿಯಂಗ ಹೇಳ ಬೇ." ಹೇಳಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಮೈತುಂಬ ತೂತು. ತೂತಿನ್ಯಾಗ ಕ್ಯಾನ್ಸರ್ ಔಷಧ ತುಂಬಿ, ಮ್ಯಾಲ ಕೊಬ್ಬಿನ ಪದರು ಹಚ್ಚತೀವಿ. ಔಷಧ ದಾರ್ಯಾಗ ಸೋರೂದಿಲ್ಲ. ಜೀವಕೋಶದ ಪೊರೀನೂ ಕೊಬ್ಬಿಂದೇ, ಅದಕ್ಕ ಕಣ ಒಳಗ ಹೋಗೂದು ಸಲೀಸು. ಬಾಯಿ ತಕ್ಕೊಂಡು ಕೇಳಿದಿ. "ಇದಿನ್ನಾ ಗಾಜಿನ ಬಟ್ಟಲದಾಗ ಅದ, ಮನುಷ್ಯಾರಿಗೆ ಬರಾಕ ಭಾಳ ವರ್ಷ ಬೇಕು" ಅಂದದ್ದು ಮಾತ್ರ ಕಿವ್ಯಾಗ ಹೋಗಲಿಲ್ಲೇನು?

ಆಮ್ಯಾಲ ನಿನ್ನ ಕುತ್ತಿಗಿ ಗಂಟು ಕ್ಯಾನ್ಸರ್ ಅಂತ ಗೊತ್ತಾತು. "ಇಲಾಜು ಪೂರಾ ಮಾಡ್ಕೊಂಡ್ರ ಉಳೀತೀರಿ" ಅಂದಿದ್ರು ಡಾಕ್ಟರ್ರು. ಮೊದಲನೇ ಸಲದ ಇಲಾಜಿಗೇ ವಾಂತಿ ಆತು, ಕೂದಲ ಉದರಿದ್ವು, ಅಲ್ಲಿಗೇ ಬಿಟ್ಟಿ! ನನಗ ಫೋನಿನ್ಯಾಗ, "ಇಲಾಜು ನಡದದ, ಫಿಕರ್ ಮಾಡಬ್ಯಾಡ." ಅತ್ಲಾಗ ಆಳಂದ, ಅಫಜಲಪುರ, ಜೇವರ್ಗಿ ಸಂತ್ಯಾಗ ಸ್ಟೀಲ್ ಪಾತ್ರಿ-ಬಾಂಡೆ ಮಾರಕೋತ, "ನಮ್ಮ ತಂಗಿ ಕ್ಯಾನ್ಸರಿಗೆ ಔಷಧ ಕಂಡುಹಿಡದಾಳ್ರಿ, ಅದಕ್ಕೇ ಕಾಯಾಕತ್ತೇನಿ" ಅಂತ ಡಂಗುರ. ನಾ ಯಾವಾಗ ಹಂಗ ಅಂದಿದ್ದೆ? ಹೇಳು, ಯಾವಾಗ?

ನಿನ್ನ ಹೆಂಡ್ತಿ, ನಮ್ಮ ವೈನಿ, ಅಳಕೋತ ಫೋನ್ ಮಾಡಿದ ಮ್ಯಾಲೇ ಗೊತ್ತಾತು. ಓಡಿ ಬಂದೆ. ಹಾಸಿಗ್ಯಾಗ ಎಲುಬಷ್ಟೇ ಉಳದಿದ್ದಿ. ನನ್ನ ಮುಖ ನೋಡಲಿಲ್ಲ, ಹೆಗಲಾನ ಬ್ಯಾಗ್ ನೋಡಿ ಕೇಳಿದಿ, "ತಂದಿಯೇನು?"

ಅಣ್ಣಾ, ಅಷ್ಟು ನಂಬಾಕ ನಿನಗ ಯಾರು ಹೇಳಿದ್ರು?

ಹೋದ ತಿಂಗಳ ನಮ್ಮ ಕಣ ಜೀವಕೋಶದೊಳಗ ಹೋಗಿ ಔಷಧ ಬಿಟ್ವು. ಇನ್ನಾ ಗಾಜಿನ ಬಟ್ಟಲದಾಗೇ, ಮತ್ತ. ಲ್ಯಾಬಿನ್ಯಾಗ ಎಲ್ಲಾರೂ ಪೇಡೆ ತಿಂದ್ರು. ನಾ ನನ್ನ ಪಾಲಿಂದು ಬ್ಯಾಗಿನ್ಯಾಗ ಇಟ್ಟೆ.

ಅವತ್ತೇ ಜೇವರ್ಗಿಯಿಂದ ಫೋನು. ಸಂತ್ಯಾಗ ನಿನ್ನ ಬಾಜೂಕ ಚಹಾ ಮಾರತಿದ್ದ ಅಕ್ಕ, ನನ್ನ ನಂಬರ್ ವೈನಿ ಕೊಟ್ಟಿದ್ಲಂತ. ಎದ್ಯಾಗ ಗಂಟು ಆಗ್ಯದಂತ. "ನಿಮ್ಮಣ್ಣ ಹೇಳಿದ್ದ್ರಿ, ನಿಮ್ಮ ಔಷಧಕ್ಕ ಕಾಯಾಕತ್ತೇನ್ರಿ, ದವಾಖಾನಿ ಬಿಟ್ಟೇನ್ರಿ." ನನ್ನ ತಲಿ ಕೆಟ್ಟೇ ಹೋತು. "ಔಷಧ ಇಲ್ರಿ ಅಕ್ಕಾ! ನಮ್ಮಣ್ಣ ಹುಂಬ ಇದ್ದ, ಇಲ್ಲದ ಔಷಧಕ್ಕ ಕಾದು ಸತ್ತ. ನೀವು ಇವತ್ತೇ ದವಾಖಾನಿಗೆ ಹೋಗ್ರಿ" ಅಂತ ಚೀರಿದೆ. ನಿನ್ನೆ ಆಕಿ ಇಲಾಜು ಶುರು ಆತು.

ಆ ಅಕ್ಕನಿಂದ ಸುದ್ದಿ ತಿಳದು, ಸತ್ತವನ ಮರ್ಯಾದಿ ತಗದಿ ಅಂತ ವೈನಿ ನನ್ನ ಕೂಡ ಮಾತು ಬಿಟ್ಟಾಳ. ಬಿಡಲಿ. ಬರೂ ವಾರ ರಜಾ ಹಾಕಿ ಬರ್ತೇನಿ. ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಾ ಸಂತ್ಯಾಗೂ ನಿಂತು ಇದನ್ನೇ ಹೇಳ್ತೇನಿ. ನೀ ನನ್ನ ಹೆಸರು ಹೊಗಳಿದ ಜಾಗಾದಾಗೇ ನಿನ್ನ ಹೆಸರು ಕೆಡಸ್ತೇನಿ. ಸಿಟ್ಟು ಬಂದ್ರ ಎದ್ದು ಬಂದು ಬೈ.

ಬಾ ಅಣ್ಣಾ, ಬಂದು ಬೈ.

ನಿನ್ನ ತಂಗಿ