ಒದ್ದೆಯಾಗದ ಸ್ಪಂಜು

ಮನೆಯಿಂದ, ಮಂಗಳವಾರ ಮಧ್ಯಾಹ್ನ, ಮಾರ್ಚ್ ೧೧

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಕೈನಡುಕ ಕಡಿಮೆಯಾಯಿತೇ? ಅಮ್ಮ ಓಡಾಡಿಕೊಂಡಿದ್ದಾಳೆ. ಅಪ್ಪನ ಕನ್ನಡಕವನ್ನು ದಿನಕ್ಕೆರಡು ಸಲ ಒರೆಸಿಡುತ್ತಾಳೆ. ಈ ಕಾಗದಕ್ಕೆ ಕೂತ ಮೇಲೆ ನಾನು ಮೂರು ಸಲ ಎದ್ದೆ. ಒಮ್ಮೆ ಹಾಲು ನೋಡಲು, ಎರಡು ಸಲ ಸುಮ್ಮನೆ.

ಕಾರ್ಖಾನೆಯಲ್ಲಿ ಗಾಯಕ್ಕಿಡುವ ಸ್ಪಂಜಿನ ಕೆಲಸ ಹಾಗೇ ನಡೆದಿದೆ. ಅಂಟು ಕರಗಿಸಿ, ನೊರೆ ಎಬ್ಬಿಸಿ, ಹೆಣೆಯುವ ದ್ರಾವಣ ಹುಯ್ದು ಒಣಗಿಸುವುದು. ಅಂಟಿನ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕುವುದು ಆ ದ್ರಾವಣವೇ. ಕಡಿಮೆಯಾದರೆ ಸ್ಪಂಜು ನೀರು ಕುಡಿದು ಉಬ್ಬಿ ಉಬ್ಬಿ ಲೋಳೆಯಾಗುತ್ತದೆ. ಹೆಚ್ಚಾದರೆ ರಂಧ್ರಗಳು ಬಿಗಿದು ಹನಿಯೂ ಒಳಗಿಳಿಯದು. "ಗಂಟು ಹಾಕೋದು ಸುಲಭ ಕಣ್ರೇ, ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ವಿದ್ಯೆ" ಎನ್ನುತ್ತಾಳೆ ತೂಕದ ಮೇಜಿನ ಅಕ್ಕ. ಪ್ರತಿ ತಟ್ಟೆಯಿಂದ ಒಂದು ತುಂಡು ತೂಗಿ, ನೀರಲ್ಲಿ ಅದ್ದಿ, ಮತ್ತೆ ತೂಗುತ್ತಾಳೆ. ತನ್ನ ತೂಕದ ಇಪ್ಪತ್ತು ಪಟ್ಟು ನೀರು ಕುಡಿದರೆ ಪಾಸು. ಅದನ್ನು ಕೇಳಿ ಅಪ್ಪ ನಕ್ಕಿದ್ದು ನೆನಪಿದೆಯಾ? "ಹಾಗಾದ್ರೆ ನನ್ನ ಸ್ನೇಹಿತರೇ ವಾಸಿ!"

ಹುಣ್ಣಾಗಿದ್ದ ಕಾಲಿನ ನರ ಒಡೆದು ಅಪ್ಪನ ರಕ್ತ ಹರಿದ ಆ ಬೆಳಿಗ್ಗೆ ನಾನು ಕೆಲಸದಲ್ಲಿದ್ದೆ. ನೀನೊಬ್ಬನೇ ಮನೆಯಲ್ಲಿದ್ದ ಸ್ಪಂಜಿನ ಮೇಲೆ ಸ್ಪಂಜಿಟ್ಟು ಒತ್ತುತ್ತಿದ್ದೆ. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಸರಿಯಾಗಿ ಒತ್ತಲಿಲ್ಲ ಕಣೇ, ಕೈ ನಡುಗಿಬಿಡ್ತು" ಎಂದು ಹೊರಟವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆ ಮಾತು ನನ್ನನ್ನು ಕೂರಲು ಬಿಡುತ್ತಿಲ್ಲ, ನಿಲ್ಲಲು ಬಿಡುತ್ತಿಲ್ಲ.

ತಲೆ ಒದ್ದೆಯಿಟ್ಟುಕೊಂಡು ಹೊರಗೆ ಹೋಗಬೇಡ. ಅಮ್ಮನ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ ತಂಗಿ,
ಗುಬ್ಬಿ

ಮರೆತು ಕೊನೆಗೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ, ಧೈರ್ಯವಿರಲಿಲ್ಲ. ಆ ಸ್ಪಂಜುಗಳು ನನ್ನ ತಟ್ಟೆಯವು. ದ್ರಾವಣ ಹುಯ್ದ ತಟ್ಟೆಗೆ ಸೀಮೆಸುಣ್ಣದ ಗೀಟು ಹಾಕುತ್ತೇವೆ. ನನ್ನ ತೋಳು ತಾಗಿ ಗೀಟು ಅಳಿಸಿಹೋಗಿತ್ತು, ನಾನು ಎರಡನೇ ಸಲ ಹುಯ್ದೆ. ಸಂಜೆ ತೋಳಿನ ಮೇಲೆ ಸುಣ್ಣ ಕಂಡರೂ ಯೋಚಿಸಲಿಲ್ಲ. ಬೆಳ್ಳಗೆ, ಗಟ್ಟಿಯಾಗಿ ಚೆನ್ನಾಗಿವೆಯೆಂದು ತೂಕಕ್ಕೆ ಮೊದಲೇ ಅಪ್ಪನ ಹುಣ್ಣಿಗೆಂದು ನಾಲ್ಕು ತುಂಡು ತಂದಿಟ್ಟೆ. ಆ ತಟ್ಟೆಯ ಉಳಿದವನ್ನು ತೂಕದ ಅಕ್ಕ ಫೇಲು ಮಾಡಿ ಎಸೆದಿದ್ದಳೆಂದು ಹೋದ ವಾರ ತಿಳಿಯಿತು. ಔಷಧಿ ಡಬ್ಬಿಯ ಹಿಂದೆ ಒಂದು ತುಂಡು ಉಳಿದಿತ್ತು, ಲೋಟದ ನೀರಿಗೆ ಹಾಕಿದೆ. ಇವತ್ತು ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಒರೆಸುತ್ತಿದ್ದ ಅಪ್ಪನ ಕನ್ನಡಕ ಕೆಳಗಿಟ್ಟು, "ಮೊದಲು ಅವನಿಗೆ ಬರಿ" ಅಂದಳು. ನಿನ್ನ ಕೈ ಸರಿಯಾಗಿಯೇ ಒತ್ತಿತ್ತು ಅಣ್ಣಾ. ಬಯ್ಯುವುದಿದ್ದರೆ ಬಂದು ಎದುರಿಗೇ ಬೈ. ಲೋಟ ಕಿಟಕಿಯಲ್ಲಿದೆ, ತುಂಡು ಇನ್ನೂ ತೇಲುತ್ತಿದೆ.