ರಿವರ್ಸ್ ಗೇರಿನ್ಯಾಗ ಹೋದ ಮದುಮಗಳು

ಅಣ್ಣಾ,

ನಿನ್ನ ಮಗಳು ಗೌರಿ ಮದಿವಿ ಆತು. ಇದನ್ನ ಮೊದಲ ಬರದಬಿಡ್ತೀನಿ. ಮುಂದ ನನ್ನ ಗಾಬರಿ ಓದಿ ನೀ ಅಲ್ಲಿ ಎದ್ದು ಕುಂದ್ರಬಾರದು.

ಕೊಪ್ಪಳ ಟೇಸನ್ನಿಗೆ ಗಿರಾಕಿ ಬಿಟ್ಟು ಮೋಟಾರ ಖಾಲಿ ಬರೂವಾಗ ನೀ ನನಗ ಗೇರು ಹಾಕೂದು ಕಲಿಸ್ತಿದ್ದೆಲ್ಲಾ? "ಜಬರದಸ್ತಿ ಮಾಡಬ್ಯಾಡೋ. ಕ್ಲಚ್ ಒತ್ತು, ನಡುವ ತಂದು ಒಂದು ಉಸುರು ನಿಲ್ಲು, ಮತ್ತೊಮ್ಮೆ ಒತ್ತು" ಅಂತಿದ್ದಿ. ಆ ಒಂದು ಉಸುರು ನನಗ ಯಾವಾಗ ದಕ್ಕೈತಿ? ಒಳಗ ಗೇರಿನ ಹಲ್ಲು ಕರಕರ ಅಂತಿದ್ದವು. "ಪುಕ್ಕಲಾ, ನಿನ್ನ ಕೈಲೇ ಗೇರಿಗೂ ನಡುಕ ಬಂತು ನೋಡು" ಅಂತ ನಗತಿದ್ದಿ. ನೀ ತೀರಿಹೋದಿ, ಹಿಂದs ಲಡಾಯಿ ಬಂತು, ಸಾಮಾನು ಸಿಗೂದು ನಿಂತಿತು. ಮೂರನೇ ಗೇರು ತಾನಾಗೇ ಜಿಗಿದು ಹೊರಗ ಬೀಳ್ತಿತ್ತು. ಒಂದು ಕೈಲೇ ಅದನ್ನ ಒತ್ತಿ ಹಿಡಕೊಂಡು, ಇನ್ನೊಂದು ಕೈಲೇ ಸ್ಟೇರಿಂಗ್ ಹಿಡದು, ದೇವರನ್ನ ನೆನಸಕೋತ ಹೊಡೀತಿದ್ದೆ.

ಮದಿವಿ ದಿನ ಮುಂಜಾನೆ ಮಂದಿ ಎಲ್ಲಾ ಬಂಡಿ ಕಟಗೊಂಡು ಯಲಬುರ್ಗಿ ಹಾದ್ಯಾಗಿನ ಬೀಗರ ಊರಿಗೆ ಹೋಗಿಬಿಟ್ಟಿದ್ರು. ಗೌರಿ ಮಾತ್ರ "ಅಪ್ಪನ ಮೋಟಾರದಾಗ ಬರ್ತೀನಿ" ಅಂತ ಕುಂತಿದ್ಲು, ಜತಿಗೆ ನೀಲವ್ವತ್ತಿ. ಓಣ್ಯಾಗಿಂದ ಹೊರಗ ತರಾಕ ಹಿಂದಕ್ಕ ಹೋಗೂ ಗೇರು ಹಾಕಿದೆ, ರಸ್ತೆಕ್ಕ ಬಂದೆ. ಅಷ್ಟ. ರಿವರ್ಸ್‌ನಾಗಿಂದ ಗೇರು ಹೊರಗ ಬರಲೇ ಇಲ್ಲ! ಇಂಜಿನ್ ಬಂದ್ ಮಾಡಿ, ಕ್ಲಚ್ ಒತ್ತಿ, ಹಾದ್ಯಾಗ ಹೋಗವ್ರ ಕಡಿಂದ ಗಾಡಿ ಹಿಂದ ಮುಂದ ಅಲುಗಾಡಿಸಿದೆ. ಗೇರಿನ ಪೆಟಗಿ ಮುಚ್ಚಳ ಬಿಚ್ಚಿ ಸಲಾಕಿ ಹಾಕಿ ಮೀಟಿದೆ. ಅಲ್ಲಿ ಅಕ್ಕಿಕಾಳು ಬೀಳೂ ಮುಹೂರ್ತ ಬರ್ತಿತ್ತು, ಇಲ್ಲಿ ಗೇರು ಕದಲಲಿಲ್ಲ.

"ಹಿಂದಕ್ಕಾದ್ರೂ ಹೋಕ್ಕೈತೇನೋ?" ಅಂದ್ಲು ಅತ್ತಿ.

"ಹೋಕ್ಕೈತಿ. ಆದ್ರ ಮದುಮಗಳು ಗಂಡನ ಮನಿಗೆ ಬೆನ್ನ ಮಾಡಿ ಹೋಗೂದಂದ್ರ? ಮೊದಲs ತಂದಿ ಇಲ್ಲದ ಹುಡುಗಿ. ಅಪಶಕುನ ಅಂದಬಿಟ್ರ?"

"ತಡಾ ಆದ್ರ ಶಕುನ ನೋಡಾಕ ಮದಿವಿನೇ ಇರೂದಿಲ್ಲ. ಹೊಡಿಯೋ!"

ಹಂಗ ಹೊಂಟಿವಿ ಅಣ್ಣಾ. ಕುತ್ತಿಗಿ ತಿರುವಿಕೊಂಡು ಹಿಂದ ನೋಡಕೋತ ಹೊಡೀಬೇಕಲ್ಲ, ಹಿಂಗಾಗಿ ದಾರಿ ತುಂಬ ಗೌರಿ ಮಾರಿ ನನ್ನ ಕಣ್ಣಮುಂದ. ಆಕಿ ಕಣ್ಣು ನಮ್ಮೂರು ಕುಷ್ಟಗಿ ಕಡೆ. ಬೇವಿನ ಗಿಡಗಳು ಆಕಿ ಬೆನ್ನ ಹಿಂದಿನಿಂದ ಬಂದು, ಮಗ್ಗಲಾಗ ಹಾದು, ದೂರ ಹೋಗಿ ಸಣ್ಣಾಗ್ತಿದ್ದವು. ಜ್ವಾಳದ ಹೊಲ, ಕಲ್ಲಬಾವಿ, ಕುರಿ ಕಾಯವ್ರು ಎಲ್ಲಾ ಹಂಗೇ. ಊರಿನ ಮ್ಯಾಲ ಧೂಳು ಮೆಲ್ಲಕ ಪರದೆ ಇಳಿಸಿತು. ತವರು ಇಷ್ಟು ಸಾವಕಾಶ ಮಾಯ ಆಗೂದನ್ನ ಯಾವ ಹುಡುಗಿ ನೋಡಿರಬೇಕು? ಆಕಿ ಅಳಲಿಲ್ಲ. ನೀ ನಿದ್ದಿಗಣ್ಣಾಗ ನಗತಿದ್ದೆಲ್ಲಾ, ಹಂಗ ಇತ್ತು ಮಾರಿ. ಇಂಜಿನ್ ಕಾದು ಹೊಗಿ ಎದ್ದಾಗ ನೀರು ಹಾಕಾಕ ನಿಂತೆ. ಖರೇ ಹೇಳಲಿ? ಅದೊಂದು ದಾರ್ಯಾಗ ಮಾತ್ರ ನನಗ ಹೆದರಿಕಿ ಮರತಿತ್ತು.

ಬೀಗರ ಬಾಗಿಲಕ್ಕ ಹಿಂಬದಿ ಮಾಡಿ ಮೋಟಾರ ನಿಂತಾಗ ಆರತಿ ಹಿಡದ ಹೆಣ್ಣಮಕ್ಕಳು ಕಕ್ಕಾಬಿಕ್ಕಿ. "ಯವ್ವಾ, ಹುಡುಗಿ ಸಿಟ್ಟ ಮಾಡಿಕೊಂಡು ಬಂದಾಳೇನ ಬೇ?" ಅಂತ ಒಬ್ಬಾಕಿ ಅಂದ್ಲು. ಗಂಡಿನ ಅವ್ವ ಆರತಿ ತಗೊಂಡು ತಾನೇ ಮೋಟಾರ ಸುತ್ತ ಹಾಕಿ ಗೌರಿ ಎದುರಿಗೆ ಬಂದ್ಲು. "ಸುಮ್ನಿರ್ರಿ. ಹಡದವರಿಗೆ ಬೆನ್ನ ಕೊಡದ ಬಂದಾಳ. ನಮಗೂ ಕೊಡೂದಿಲ್ಲ ಬಿಡ್ರಿ" ಅಂದ್ಲು. ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು.

ಮೊನ್ನೆ ಪೆಟಗಿ ಪೂರಾ ಬಿಚ್ಚಿದೆ. ಒಳಗ ಗೇರು ಸರಿಸೂ ಕವಲು ಬಾಗಿತ್ತು. ಗಂಗಾವತಿ ಗಿರಣಿ ಮಿಸ್ತ್ರಿ ಕಾಸಿ ನೆಟ್ಟಗ ಮಾಡಿಕೊಟ್ಟಾನ. ಪಂಚಮಿಗೆ ಗೌರಿನ್ನ ಕರಿಯಾಕ ಹೋಗವ ಅದೀನಿ. "ಕಾಕಾ, ಆವಾಗ ಮೋಟಾರ ಸೀದಾ ಹೊಡಿಬೇಕು, ನನಗ ನಮ್ಮೂರು ಎದುರಿಗೆ ಬರೂದು ಕಾಣಬೇಕು" ಅಂತ ಹೇಳಿ ಕಳಿಸ್ಯಾಳ. ಹೊಡೀತೀನಿ ಅಣ್ಣಾ, ಸಾವಕಾಶ ಹೊಡೀತೀನಿ.

ನಿನ್ನ ತಮ್ಮ