ಅಮೃತಶಿಲೆಯ ಮೇಲೆ ಒಬ್ಬನೇ ಲಿಂಬೆರಿಸ್

ಪೇರಾ ಖೋರಿಯೊ, ಆಂಡ್ರೊಸ್ ದ್ವೀಪ
ನವೆಂಬರ್ ೩, ೧೯೭೮

ನನ್ನ ಝಾನ್ನಿಸ್,

ಹಡಗಿನಿಂದ ನೀನು ಬರೆದ ಎರಡು ಕಾಗದಗಳು ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿವೆ. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಕೈಗೆ ಬಿಡುವಾದಾಗ ತಲೆಗೆ ಬಿಡುವಿರುವುದಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಗಾಳಿ ಎದ್ದಾಗ ಏಳುತ್ತದೆ, ಗಾಳಿ ಮಲಗಿದಾಗ ಮಲಗುತ್ತದೆ. ಮಗುವಿನ ಕೆಳಗಿನ ಒಸಡಿನಲ್ಲಿ ಹಲ್ಲು ಮೂಡುವ ಹಾಗಿದೆ. ಅವನು ಚೆನ್ನಾಗಿಯೇ ನಿದ್ದೆ ಮಾಡುತ್ತಾನೆ, ನಿದ್ದೆ ಇಲ್ಲದವಳು ನಾನು. ಅವನ ಮೂಗಿನ ಕೆಳಗೆ ಕೈಗನ್ನಡಿ ಹಿಡಿದು ಉಸಿರಿನ ಮಂಜು ಕಂಡರೆ ಸಮಾಧಾನ. ಕನ್ನಡಿ ಒರೆಸುವಷ್ಟರಲ್ಲಿ ಮತ್ತೆ ಭಯ.

ಎರಡು ಕಾಗದದಲ್ಲೂ ಒಂದೇ ಪ್ರಶ್ನೆ ಕೇಳಿದ್ದೀಯ. ದೀಕ್ಷಾಸ್ನಾನವನ್ನು ಯಾಕೆ ಮುಂದೂಡುತ್ತಿದ್ದೇನೆ, ಮಗುವಿಗೆ ನಿನ್ನ ಅಪ್ಪನ ಹೆಸರಿಡಲು ಯಾಕೆ ಒಪ್ಪುತ್ತಿಲ್ಲ ಎಂದು. ಹೆಸರಿಲ್ಲದ ಎಲ್ಲ ಗಂಡುಕೂಸುಗಳಂತೆ ಇವನನ್ನೂ ಬೀದಿಯವರೆಲ್ಲ 'ದ್ರಾಕೊಸ್', 'ನಮ್ಮ ಪುಟ್ಟ ಘಟಸರ್ಪ' ಎಂದು ಕರೆಯುತ್ತಾರೆ. ಐದು ತಿಂಗಳಾದರೂ ಘಟಸರ್ಪವಾಗಿಯೇ ಉಳಿದಿದ್ದಾನೆಂದು ಅತ್ತೆಗೆ ನಾಚಿಕೆ. "ಮೊದಲ ಗಂಡುಮಗನಿಗೆ ಅಜ್ಜನ ಹೆಸರು. ಅರ್ಗಿರಿಸ್. ಇದರಲ್ಲಿ ಯೋಚನೆ ಮಾಡೋಕೆ ಏನಿದೆಯೇ?" ಎನ್ನುತ್ತಾರೆ. ಪದ್ಧತಿಯ ಬಗ್ಗೆ ನನ್ನದೂ ತಕರಾರಿಲ್ಲ, ತೀರಿಹೋದ ನಿನ್ನ ಅಪ್ಪನ ಮೇಲೆ ಮುನಿಸೂ ಇಲ್ಲ. ಕಾರಣ ಹೇಳುತ್ತೇನೆ. ಆದರೆ ನೇರವಾಗಿ ಬರೆಯಲು ಕೂತರೆ ಪೆನ್ನು ನಿಂತುಬಿಡುತ್ತದೆ. ಚೌಕದಲ್ಲಿರುವ ಯುದ್ಧಸ್ಮಾರಕದ ಕಲ್ಲಿನಿಂದ ಶುರುಮಾಡುತ್ತೇನೆ, ತಾಳ್ಮೆಯಿಂದ ಓದು.

ಬೇಸಿಗೆಯ ಕೊನೆಯಲ್ಲಿ ಪೊಲಿಖ್ರೊನಿಸ್ ಮಾಸ್ತರರು ಮನೆಗೆ ಬಂದಿದ್ದರು. ಅಕ್ಟೋಬರ್ ಇಪ್ಪತ್ತೆಂಟರ ಸಮಾರಂಭದಲ್ಲಿ ಯುದ್ಧಸ್ಮಾರಕದ ಮುಂದೆ ಬರೀ ಹೆಸರುಗಳನ್ನು ಓದಿದರೆ ಸಾಲದು, ನಲವತ್ತರ ಯುದ್ಧದಲ್ಲಿ ಅಲ್ಬೇನಿಯಾದ ಬೆಟ್ಟಗಳಲ್ಲಿ ಸತ್ತ ನಮ್ಮೂರ ಹುಡುಗರು ಎಂಥವರಾಗಿದ್ದರು ಎಂದು ಒಬ್ಬೊಬ್ಬರ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂದರು. "ಅಥೆನ್ಸಿನಲ್ಲಿ ಓದಿದೋಳು ನೀನು. ಹೇಗೂ ಮನೇಲೇ ಇರ್ತೀಯ." ಮನೆಯಲ್ಲಿರುವುದು ಎಂದರೇನೆಂದು ಗಂಡಸರಿಗೆ ಹೇಗೆ ಗೊತ್ತಾಗಬೇಕು? ಆದರೂ ಒಪ್ಪಿಕೊಂಡೆ. ಒಳಗೆ ಕೂತರೆ ಗೋಡೆಗಳು ಹತ್ತಿರ ಬಂದ ಹಾಗಾಗುತ್ತಿತ್ತು. ಮಗುವನ್ನು ಎದೆಗೆ ಕಟ್ಟಿಕೊಂಡು ಮನೆಮನೆಗೆ ಹೋದೆ. ಒಬ್ಬರ ಮನೆಯಲ್ಲಿ ಚಮಚದಲ್ಲಿ ಕಿತ್ತಳೆಯ ಮುರಬ್ಬ, ಇನ್ನೊಬ್ಬರ ಮನೆಯಲ್ಲಿ ಕಣ್ಣೀರು. ಸತ್ತವರ ವಿಷಯ ಕೇಳಲು ಹೋದವಳನ್ನು ಎಲ್ಲರೂ ಒಳಗೆ ಕರೆಯುತ್ತಾರೆ. ನನ್ನ ವಿಷಯ ಮಾತ್ರ ಯಾರೂ ಕೇಳುವುದಿಲ್ಲ.

ಬೇರೆಲ್ಲ ಹೆಸರುಗಳು ಸಲೀಸಾಗಿ ಮುಗಿದವು. ಸಿಕ್ಕಿಹಾಕಿಕೊಂಡವನು ಲಿಂಬೆರಿಸ್ ಕಲ್ವಾರಿಸ್ ಒಬ್ಬನೇ. ಬಂದರಿನ ಕ್ಷೌರಿಕ ಸಿದೆರಿಸ್, "ಲಿಂಬೆರಿಸಾ? ಆಳೆತ್ತರದೋನು. ಪಿಟೀಲು ಹಿಡಿದ ಅಂದ್ರೆ ಮದುವೆ ಹೆಣ್ಣೂ ಗಂಡನ್ನ ಮರೆತು ಅವನ ಕಡೆ ನೋಡೋಳು" ಅಂದ. ಮೇಲಿನ ಕೇರಿಯ ಬೇಕರಿಯಲ್ಲಿ ಮಾರ್ಕೆಸಿಸ್ ಇದನ್ನು ಕೇಳಿ ಹಿಟ್ಟಿನ ಕೈಯಲ್ಲೇ ಸೊಂಟ ಹಿಡಿದುಕೊಂಡು ನಕ್ಕ. "ಆಳೆತ್ತರ ಅಂತೆ! ಆ ಕ್ಷೌರಿಕನಿಗೆ ಕುರ್ಚೀಲಿ ಕೂತೋರೆಲ್ಲ ಎತ್ತರ. ಲಿಂಬೆರಿಸ್ ಗಿಡ್ಡ ಕಣಮ್ಮ, ಮಾತಾಡಿದ್ರೆ ತೊದಲ್ತಿದ್ದ. ಹಿಮದಲ್ಲಿ ಕಾಲು ಕೊಳೆತು ಸತ್ತ." ಗುಂಡು ತಗುಲಿ ಸತ್ತ ಎಂದು ಕ್ಷೌರಿಕನ ಹಠ. ಯುದ್ಧದ ಕಾಲದಲ್ಲಿ ಇಬ್ಬರೂ ಚಡ್ಡಿ ಹುಡುಗರು, ಒಬ್ಬ ಬಂದರಿನವನು, ಒಬ್ಬ ಮೇಲಿನವನು. ನೆನಪು ಕಲಸಿಹೋಗಿದೆ ಅಂದುಕೊಂಡು ನಾನು ಎರಡನ್ನೂ ಸೇರಿಸಿದೆ. ಮಧ್ಯಮ ಎತ್ತರದ, ಸ್ವಲ್ಪ ತೊದಲುವ ಪಿಟೀಲುಗಾರ ಎಂದು ಬರೆದೆ.

ಆಮೇಲೆ ಅವನ ತಾಯಿ ಬದುಕಿದ್ದಾಳೆಂದು ಗೊತ್ತಾಯಿತು. ಪಾರಿವಾಳದ ಗೋಪುರದ ಹಿಂದಿನ ಮನೆಯ ಮೊಸ್ಖೂ ಅಜ್ಜಿ. ಹೋಗಿ ಓದಿ ತೋರಿಸಿದೆ. ಅವಳು ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿದಳು.

"ಪಿಟೀಲಾ? ನಮ್ಮೋನು ಹಾಡಿದ್ರೆ ಕತ್ತೆ ಕೂಡ ಕಿವಿ ಮಡಚ್ತಿತ್ತು. ಅದು ಕಲ್ಲಿರೋ ಅನ್ನೋಳ ಮಗ ಕಣೇ."

"ಯಾವ ಕಲ್ಲಿರೋ?"

"ನಮ್ಮ ಯಜಮಾನರ ಅಣ್ಣನ ಹೆಂಡ್ತಿ, ಬಂದರಿನಲ್ಲಿದ್ದೋಳು. ನಂಗೂ ಅವಳಿಗೂ ಒಂದೇ ಚಳಿಗಾಲದಲ್ಲಿ ಚೊಚ್ಚಲು ಗಂಡು. ಇಬ್ಬರಿಗೂ ಮಾವನ ಹೆಸರು ಇಡಲೇಬೇಕು. ಇಟ್ವಿ. ಒಬ್ಬ ಉದ್ದ ಲಿಂಬೆರಿಸ್, ಒಬ್ಬ ಗಿಡ್ಡ ಲಿಂಬೆರಿಸ್. ಇಬ್ಬರೂ ಹೋದ್ರು, ಇಬ್ಬರೂ ಬರಲಿಲ್ಲ."

"ಮತ್ತೆ ಕಲ್ಲಿನ ಮೇಲೆ?"

"ತೀನೊಸ್ ದ್ವೀಪದ ಶಿಲ್ಪಿ. ಒಂದೇ ಹೆಸರು ಎರಡು ಸಲ ಕಂಡಿತಲ್ಲ, ಊರಿನೋರಿಗೆ ಕೈ ತಪ್ಪಿದೆ ಅಂತ ಒಂದು ಸಲ ಕೆತ್ತಿ ಕಳಿಸ್ದ. ಬಲು ಜಾಣ, ಅವನ ಕೈ ಸೇದಿಹೋಗ! ಕಲ್ಲು ನಿಲ್ಲಿಸಿ ಆಗಿತ್ತು. 'ಒಂದರಲ್ಲೇ ಇಬ್ಬರೂ ಇದ್ದಾರೆ ಬಿಡಿ' ಅಂದ್ರು ದೊಡ್ಡೋರು. ಕಲ್ಲಿರೋ ಅದು ತನ್ನ ಮಗ ಅಂದ್ಲು, ನಾನು ನನ್ನ ಮಗ ಅಂದೆ. ಅವಳು ಹೂವಿಟ್ಟು ಹೋದ್ಮೇಲೆ ನಾನು ಹೋಗಿ ತೆಗೆದುಹಾಕ್ತಿದ್ದೆ, ನನ್ನ ಹೂವನ್ನ ಅವಳು. ಎಷ್ಟು ವರ್ಷ ಮಾತಾಡ್ಲಿಲ್ಲ ಗೊತ್ತಾ? ಊರಿನವರಿಗೆ ಅದೂ ಮರೆತೇ ಹೋಯ್ತು."

ಕಲ್ಲಿರೋ ಸತ್ತ ಮೇಲೆ ಅಜ್ಜಿಗೆ ಜಗಳವಾಡಲು ಯಾರೂ ಉಳಿಯಲಿಲ್ಲ. ಆಗಿನಿಂದ, ಸತ್ತವರನ್ನು ನೆನೆಯುವ ಆತ್ಮಗಳ ಶನಿವಾರ ಬಂದಾಗಲೆಲ್ಲ ಗೋಧಿ ಬೇಯಿಸಿ, ಸಕ್ಕರೆ, ದಾಳಿಂಬೆ ಕಾಳು ಬೆರೆಸಿ, ಒಂದಲ್ಲ, ಎರಡು ತಟ್ಟೆ ಇಗರ್ಜಿಗೆ ಒಯ್ಯುತ್ತಾಳೆ. ಹೆಸರು ಒಂದೇ ತಾನೇ ಎಂದು ಪಾದ್ರಿ ಒಮ್ಮೆ ಓದಿ ಮುಂದೆ ಹೋಗುತ್ತಾರೆ. "ನಾನು ಕೂತಲ್ಲೇ ಇನ್ನೊಂದು ಸಲ ಹೇಳ್ತೀನಿ. ದೇವರಿಗೇನು ಕಿವುಡಾ?" ಅಂದಳು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಪಾತ್ರೆಯಿಂದ ಕಣ್ಣೆತ್ತಲಿಲ್ಲ. "ಸತ್ತವರನ್ನ ಎಣಿಸೋದು ಬಿಡು, ಬದುಕಿರೋನಿಗೆ ಹಾಲು ಕೊಡು." ನಾನು ಹಾಲು ಕೊಟ್ಟೆ. ತೊಟ್ಟಿಲು ಅವನಿಗೆ ಇನ್ನೂ ತುಂಬಾ ದೊಡ್ಡದು.

ಸಮಾರಂಭದ ದಿನ ಗಾಳಿಗೆ ಬಾವುಟ ಹರಿದುಹೋಗುವ ಹಾಗಿತ್ತು. ನಾನು ಒಬ್ಬೊಬ್ಬರ ಬಗ್ಗೆ ಓದಿ ಹೆಸರು ಹೇಳಿದಾಗ ಜನ "ಅಮರ!" ಎಂದು ಕೂಗುತ್ತಿದ್ದರು. ಪಿಟೀಲು ನುಡಿಸುತ್ತಿದ್ದ ಲಿಂಬೆರಿಸ್ ಕಲ್ವಾರಿಸ್ ಅಂದೆ. ಅಮರ! ತೊದಲುತ್ತಿದ್ದ, ಹಿಮದಲ್ಲಿ ಕಾಲು ಕಳೆದುಕೊಂಡ ಲಿಂಬೆರಿಸ್ ಕಲ್ವಾರಿಸ್ ಅಂದೆ. ಸದ್ದೇ ಇಲ್ಲ. ಊರಿನ ಅಧ್ಯಕ್ಷರು ಪಕ್ಕಕ್ಕೆ ಬಾಗಿ, "ಅವನದು ಆಯ್ತಲ್ಲಮ್ಮ, ನಿದ್ದೆಗೆಟ್ಟಿದ್ದೀಯ, ಮುಂದಿನದು ಓದು" ಎಂದು ಪಿಸುಗುಟ್ಟಿದರು. ನಾನು ಮುಂದೆ ಹೋಗಲಿಲ್ಲ, ಅದೇ ಹೆಸರನ್ನು ಮತ್ತೆ ಹೇಳಿದೆ. ಆಗ ಹಿಂದಿನ ಸಾಲಿನಿಂದ ಮೊಸ್ಖೂ ಅಜ್ಜಿಯ ಒಂಟಿ ದನಿ ಬಂತು. ಅಮರ. ಆಮೇಲೆ ಬೇಕರಿಯ ಮಾರ್ಕೆಸಿಸ್, ಆಮೇಲೆ ಎಲ್ಲರೂ. ಅತ್ತೆ ಮಾತ್ರ ಬಾಯಿ ತೆರೆಯಲಿಲ್ಲ. ಕಪ್ಪು ತಲೆವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನೆಲ ನೋಡುತ್ತ ನಿಂತಿದ್ದರು.

ಚಳಿ ಶುರುವಾಗಿದೆ. ನಾನು ಹೆಣೆದ ಉಣ್ಣೆಯ ಅಂಗಿಯನ್ನು ಕಾವಲಿನ ಹೊತ್ತಿನಲ್ಲಿ ಹಾಕಿಕೋ. ಸಂತ ನಿಕೊಲಾಸ್ ನಿನ್ನ ಹಡಗಿನ ಚುಕ್ಕಾಣಿಯ ಮೇಲೆ ಕೈಯಿಟ್ಟಿರಲಿ, ನೀರು ನಿನಗೆ ನೆಲದಂತಿರಲಿ.

ನಿನ್ನ
ಅಸಿಮಿನಾ

ಮತ್ತೆ: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಕೂತುಕೊಂಡು ಓದು ಝಾನ್ನಿಸ್. ಮೇ ತಿಂಗಳಲ್ಲಿ ಹಡಗಿಗೆ ಬಂದ ತಂತಿಯಲ್ಲಿ 'ಗಂಡು ಮಗು, ತಾಯಿ ಕ್ಷೇಮ' ಎಂದಷ್ಟೇ ಇತ್ತು. ಹುಟ್ಟಿದವರು ಇಬ್ಬರು. ಮೊದಲು ಬಂದವನು ಬೆಳಗಿನ ತನಕ ಇದ್ದ. ಸೂಲಗಿತ್ತಿ ಎರಡನೆಯವನ ಜೊತೆ ಒದ್ದಾಡುತ್ತಿದ್ದಳು, ಪಾದ್ರಿ ಬರುವಷ್ಟರಲ್ಲಿ ಅವನು ಹೋಗಿದ್ದ. ದೀಕ್ಷೆಯಾಗದ ಕೂಸೆಂದು ಸ್ಮಶಾನದ ಗೋಡೆಯ ಹೊರಗೆ, ಕಾಡುಗುಲಾಬಿಯ ಪೊದೆಯ ಹತ್ತಿರ ಇಟ್ಟರು. ಸಮುದ್ರದ ಮೇಲಿರುವ ಗಂಡಸಿಗೆ ಸಾವಿನ ಸುದ್ದಿ ಕಳಿಸಬಾರದು, ಹಡಗಿಗೆ ಆಗಿಬರುವುದಿಲ್ಲ, ನಮ್ಮಲ್ಲಿ ಯಾರೂ ಕಳಿಸುವುದಿಲ್ಲ ಎಂದು ಅತ್ತೆ ಅಂದರು. "ಒಬ್ಬನೇ ಹುಟ್ಟಿದ ಅಂದ್ಕೊ ಮಗಳೇ." ಅವರನ್ನು ಬೈಯಬೇಡ. ಭಾನುವಾರ ಅವರು ಶಾಲಿನೊಳಗೆ ದೀಪದ ಎಣ್ಣೆ ಮುಚ್ಚಿಟ್ಟುಕೊಂಡು ಆ ಗೋಡೆಯ ಕಡೆ ಹೋಗುವುದನ್ನು ನಾನು ಕಂಡಿದ್ದೇನೆ. ಕಂಡೆ ಎಂದು ಹೇಳಿಲ್ಲ.

ಮೊದಲ ಮಗ ಅವನು. ಅರ್ಗಿರಿಸ್ ಎಂಬ ಹೆಸರು ಅವನದು. ಇವನಿಗೆ ನೀನು ಬೇರೊಂದು ಹೆಸರು ಯೋಚಿಸಿ ಕಳಿಸು, ಯಾವುದಾದರೂ ಸರಿ, ಇವನದೇ ಆಗಿರಬೇಕು ಅಷ್ಟೆ. ಮೊಸ್ಖೂ ಅಜ್ಜಿಯೊಬ್ಬಳಿಗೆ ಇದನ್ನು ಹೇಳಿದೆ. "ಪಾದ್ರಿ ಓದದಿದ್ರೆ ಬೇಡ ಬಿಡು. ಎರಡು ತಟ್ಟೆ ಹೊರೋಳಿಗೆ ಮೂರನೇದು ಭಾರವಾ?" ಅಂದಳು.

ಪ್ರತಿ ಕಾಗದದಲ್ಲೂ ಮಗು ಹೇಗಿದೆ ಎಂದು ಕೇಳುತ್ತೀಯಲ್ಲ. ಈ ಸಲ, ಒಂದೇ ಒಂದು ಸಲ, ಮಕ್ಕಳು ಎಂದು ಬರೆ.